ಬಿ12 ಕಡಿಮೆ, ಸರಿ; ಕಾರಣ ಏನು?

ಸುಸ್ತು, ಅಂಗಾಲಿನಲ್ಲಿ ಜೋಮು, ನಾಲಿಗೆ ಉರಿ, ಎರಡು ಮಹಡಿ ಹತ್ತಿದರೆ ಏದುಸಿರು ಎಂದು ಹೇಳಿಕೊಂಡು ಹೋದವರಿಗೆ ವೈದ್ಯರು ಬಿ12 ಪರೀಕ್ಷೆ ಬರೆದುಕೊಡುವುದು ಈಗ ಮಾಮೂಲು. ವರದಿಯಲ್ಲಿ ಅಂಕಿ ಕಡಿಮೆ ಬಂದರೆ ಐದಾರು ಇಂಜೆಕ್ಷನ್, ಆಮೇಲೆ ಒಂದೆರಡು ತಿಂಗಳು ಮಾತ್ರೆ. ‘ಮಾಂಸ, ಮೊಟ್ಟೆ ತಿನ್ನುತ್ತೀರಾ?’ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಕಾರಣದ ವಿಚಾರಣೆ ಅಲ್ಲಿಗೇ ಮುಕ್ತಾಯ. ತಿನ್ನುತ್ತೇನೆ ಎಂದರೂ ಎಷ್ಟೋ ಸಲ ವಿಚಾರಣೆ ಮುಂದೆ ಸಾಗುವುದಿಲ್ಲ. ಇಂಜೆಕ್ಷನ್ ಬಿದ್ದ ಮೇಲೆ ಸುಸ್ತು ಇಳಿಯುತ್ತದೆ, ಅಂಕಿ ಏರುತ್ತದೆ, ವಿಷಯ ಮುಗಿಯುತ್ತದೆ. ಒಂದೆರಡು ವರ್ಷಕ್ಕೆ ಅದೇ ಜೋಮು ಮರಳಿದಾಗ ಅದೇ ಕೋರ್ಸ್ ಮತ್ತೆ ಶುರು. ಹೀಗೆ ಮತ್ತೆ ಮತ್ತೆ ಬರುವವರಲ್ಲಿ ಕೆಲವರ ತೊಂದರೆ ಊಟದ ತಟ್ಟೆಯಲ್ಲಿಲ್ಲ, ಜಠರದ ಗೋಡೆಯಲ್ಲಿದೆ. ಅವರ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಜಠರದ ಕೋಶಗಳನ್ನು ಹೊರಗಿನ ಶತ್ರುಗಳೆಂದು ಬಗೆದು ವರ್ಷಗಟ್ಟಲೆ ಸವೆಸುತ್ತಿರುತ್ತದೆ. ಆಟೊಇಮ್ಯೂನ್ ಗ್ಯಾಸ್ಟ್ರೈಟಿಸ್ ಎಂಬ ಈ ಕಾಯಿಲೆಯ ಸುಳಿವು ಕೊಡುವ ರಕ್ತಪರೀಕ್ಷೆಗಳಿವೆ. ಅವನ್ನು ಎಲ್ಲರಿಗೂ ಮಾಡಿಸುವ ಅಗತ್ಯವಿಲ್ಲ. ಆದರೆ ಯಾರಿಗೆ ಬೇಕೋ ಅವರಿಗೆ, ಬೇಕಾದ ಹೊತ್ತಿನಲ್ಲಿ, ಅಂದರೆ ಮೊದಲ ಇಂಜೆಕ್ಷನ್ ಚುಚ್ಚುವ ಮುನ್ನ ಮಾಡಿಸದೆ ಬಿಡುವುದು ತಪ್ಪು ಎಂಬುದು ಈ ಲೇಖನದ ವಾದ.

ಜಠರದ ಮೇಲುಭಾಗ ಮತ್ತು ನಡುಭಾಗದ ಒಳಪದರದಲ್ಲಿ ಪೆರೈಟಲ್ ಕೋಶಗಳು ಎಂಬ ದೊಡ್ಡ ಕೋಶಗಳಿವೆ. ಇವು ಎರಡು ಕೆಲಸ ಮಾಡುತ್ತವೆ. ಒಂದು, ಜಠರದ ಆಮ್ಲವನ್ನು ಒಸರಿಸುವುದು. ಎರಡು, ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ತಯಾರಿಸುವುದು. ಆಹಾರದಲ್ಲಿನ ಬಿ12 ಜೀವಸತ್ವ ಈ ಪ್ರೋಟೀನಿಗೆ ಅಂಟಿಕೊಂಡರೆ ಮಾತ್ರ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಸರಿಯಾಗಿ ಹೀರಿಕೆಯಾಗುತ್ತದೆ. ಪೆರೈಟಲ್ ಕೋಶಗಳು ನಾಶವಾದರೆ ಎರಡೂ ಕೆಲಸ ಒಟ್ಟಿಗೇ ಕೆಡುತ್ತವೆ. ಹಾಗೆಂದು ತೊಂದರೆ ಕೂಡಲೇ ಕಾಣಿಸದು. ದಿನಕ್ಕೆ ನಮಗೆ ಬೇಕಾದ ಬಿ12 ಎರಡೂವರೆ ಮೈಕ್ರೊಗ್ರಾಂಗಿಂತಲೂ ಕಡಿಮೆ. ದೇಹದಲ್ಲಿ, ಮುಖ್ಯವಾಗಿ ಪಿತ್ತಜನಕಾಂಗದಲ್ಲಿ, ಇರುವ ಸಂಗ್ರಹವೋ ಎರಡರಿಂದ ಐದು ಮಿಲಿಗ್ರಾಂ. ಕಣಜ ತುಂಬಿರುವಷ್ಟು ಕಾಲ ಗದ್ದೆಯಲ್ಲಿ ಬೆಳೆ ನಿಂತದ್ದು ಮನೆಯೊಳಗಿನವರಿಗೆ ತಿಳಿಯುವುದಿಲ್ಲ. ಹೀರಿಕೆ ಕೆಟ್ಟು ಹಲವು ವರ್ಷಗಳಾದ ಮೇಲೆ ಬಿ12 ಅಂಕಿ ಕುಸಿಯುತ್ತದೆ. ಅಷ್ಟರಲ್ಲಿ ಜಠರದ ಒಳಪದರ ಬಹುಪಾಲು ಸವೆದಿರುತ್ತದೆ. ಈ ಹಂತದಲ್ಲಿ ಬರುವ ರಕ್ತಹೀನತೆಗೆ ಪರ್ನೀಶಿಯಸ್ ಅನೀಮಿಯಾ ಎಂಬ ಹಳೆಯ ಹೆಸರಿದೆ.

ರಕ್ತ ಒಂದೇ, ಕಾರಣ ಬೇರೆ

ಈ ಕಾಯಿಲೆಯ ಚರಿತ್ರೆಯೇ ಕಾರಣ ಹುಡುಕುವುದು ಏಕೆ ಮುಖ್ಯ ಎಂಬುದಕ್ಕೆ ಪುರಾವೆ. ಲಂಡನ್ನಿನ ವೈದ್ಯ ಥಾಮಸ್ ಆಡಿಸನ್ 1849ರಲ್ಲಿ ಇದನ್ನು ವಿವರಿಸಿದಾಗ ಇದು ಸಾವಿನಲ್ಲೇ ಮುಗಿಯುವ ರೋಗವಾಗಿತ್ತು. 1926ರಲ್ಲಿ ಅಮೆರಿಕದ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ, ದಿನವೂ ಪಿತ್ತಜನಕಾಂಗದ ಮಾಂಸ ತಿನ್ನಿಸಿದರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆ ಎಂದು ತೋರಿಸಿದರು. 1934ರ ನೊಬೆಲ್ ಅವರಿಗೂ ಜಾರ್ಜ್ ವಿಪಲ್ ಅವರಿಗೂ ಬಂತು. ಅಲ್ಲಿಗೆ ಚಿಕಿತ್ಸೆ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ. ಬಾಸ್ಟನ್ನಿನ ವಿಲಿಯಂ ಕ್ಯಾಸಲ್ ಆ ಪ್ರಶ್ನೆಯ ಬೆನ್ನು ಹತ್ತಿದರು. ಆರೋಗ್ಯವಂತರು ಇದೇ ಆಹಾರ ತಿಂದು ಚೆನ್ನಾಗಿರುವಾಗ ಈ ರೋಗಿಗಳಿಗೆ ಮಾತ್ರ ಅಷ್ಟೊಂದು ಪಿತ್ತಜನಕಾಂಗ ಏಕೆ ಬೇಕು? ಅವರು ಮುನ್ನೂರು ಗ್ರಾಂನಷ್ಟು ಅರೆಬೆಂದ ದನದ ಮಾಂಸವನ್ನು ತಾವೇ ತಿಂದು, ಒಂದು ಗಂಟೆಯ ಬಳಿಕ ಅದನ್ನು ಹೊರತೆಗೆದು, ನೀರಾಗುವವರೆಗೆ ಬೆಚ್ಚಗಿಟ್ಟು, ನಳಿಗೆಯ ಮೂಲಕ ರೋಗಿಗಳ ಹೊಟ್ಟೆಗೆ ಹಾಯಿಸಿದರು. ಬರೀ ಮಾಂಸ ಕೊಟ್ಟಾಗ ರೋಗಿಗಳ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ. ಆರೋಗ್ಯವಂತನ ಜಠರರಸದ ಜೊತೆ ಕೊಟ್ಟಾಗ ಹೊಸ ಕೆಂಪು ರಕ್ತಕಣಗಳು ಹುಟ್ಟತೊಡಗಿದವು. 1929ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಕೊರತೆ ಇರುವುದು ಆಹಾರದಲ್ಲಲ್ಲ, ಜಠರ ಒಸರಿಸಬೇಕಾದ ಯಾವುದೋ ಒಂದು ಅಂಶದಲ್ಲಿ ಎಂಬುದು ಖಚಿತವಾಯಿತು. ಆ ಅಂಶವೇ ಇಂಟ್ರಿನ್ಸಿಕ್ ಫ್ಯಾಕ್ಟರ್. ಬಿ12 ಬೇರ್ಪಟ್ಟು ಕೈಗೆ ಸಿಕ್ಕಿದ್ದು ಆಮೇಲೆ, 1948ರಲ್ಲಿ.

ಕ್ಯಾಸಲ್ ಪ್ರಯೋಗ ಮಾಡುತ್ತಿದ್ದ ಕಾಲಕ್ಕೇ ಭಾರತದಲ್ಲಿ ಇನ್ನೊಂದು ಶೋಧ ನಡೆಯುತ್ತಿತ್ತು. 1928ರಲ್ಲಿ ಮುಂಬೈಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಸೂಕ್ಷ್ಮದರ್ಶಕದಡಿ ಅವರ ರಕ್ತ ಪರ್ನೀಶಿಯಸ್ ಅನೀಮಿಯಾದವರ ರಕ್ತದಂತೆಯೇ ಕಾಣುತ್ತಿತ್ತು: ಅದೇ ದೊಡ್ಡ ಗಾತ್ರದ ಕೆಂಪುಕಣಗಳು. ಆದರೆ ಆ ರೋಗವನ್ನು ಗುಣಪಡಿಸುತ್ತಿದ್ದ ಶುದ್ಧೀಕರಿಸಿದ ಪಿತ್ತಜನಕಾಂಗದ ಸಾರ ಇವರಿಗೆ ನಾಟಲಿಲ್ಲ. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ನಾಟಿತು. ಅದರಲ್ಲಿದ್ದ ವಸ್ತು ಫೋಲಿಕ್ ಆಮ್ಲ ಎಂಬುದು ನಂತರ ತಿಳಿಯಿತು. ಆಂಧ್ರ ಮೂಲದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1945ರಲ್ಲಿ ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಅದನ್ನು ಪರ್ನೀಶಿಯಸ್ ಅನೀಮಿಯಾದವರಿಗೂ ಕೊಟ್ಟು ನೋಡಿದಾಗ ಒಂದು ಅನಾಹುತ ಕಂಡಿತು. ಹಿಮೋಗ್ಲೋಬಿನ್ ಏರಿತು, ಮುಖಕ್ಕೆ ಕಳೆ ಬಂತು, ಆದರೆ ಬೆನ್ನುಹುರಿ ಮತ್ತು ನರಗಳ ಹಾನಿ ಒಳಗೊಳಗೇ ಮುಂದುವರಿಯಿತು. ಅಂಕಿ ಸರಿಹೋದ ಮಾತ್ರಕ್ಕೆ ರೋಗ ವಾಸಿಯಾಯಿತು ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಪಾಠ ಬೇಕಿಲ್ಲ. ಕಬ್ಬಿಣಾಂಶದ ಜೊತೆ ಫೋಲಿಕ್ ಆಮ್ಲದ ಮಾತ್ರೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚುವ ನಮ್ಮ ದೇಶದಲ್ಲಿ, ಆ ಮಾತ್ರೆಗಳು ಬಹಳ ಅಗತ್ಯ ಎಂದು ಒಪ್ಪುತ್ತಲೇ, ಈ ಪಾಠವನ್ನೂ ನೆನಪಿಟ್ಟುಕೊಳ್ಳಬೇಕು.

ಎರಡು ಪ್ರತಿಕಾಯ, ಎರಡು ಸ್ವಭಾವ

ಜಠರದ ಮೇಲಿನ ದಾಳಿ ದೇಹದ ಒಳಗಿನದೇ ಎಂಬುದು 1950ರ ದಶಕದ ಕೊನೆ ಮತ್ತು 1960ರ ದಶಕದ ಮೊದಲಲ್ಲಿ, ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳು ಪತ್ತೆಯಾದಾಗ ಸ್ಪಷ್ಟವಾಯಿತು. ಮುಖ್ಯವಾದವು ಎರಡು. ಮೊದಲನೆಯದು ಪೆರೈಟಲ್ ಕೋಶಗಳ ವಿರುದ್ಧದ ಪ್ರತಿಕಾಯ. ಅದು ಗುರಿ ಇಡುವುದು ಆಮ್ಲವನ್ನು ಹೊರದೂಡುವ ಪಂಪಿನ ಮೇಲೆ, ಅಂದರೆ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ತಡೆಯುವ ಅದೇ ಪಂಪು. ಇದನ್ನು ಪತ್ತೆ ಮಾಡುವ ಹಳೆಯ ವಿಧಾನ ನೋಡಲು ಸೊಗಸಾಗಿದೆ. ಇಲಿಯ ಜಠರದ ತೆಳುಹೋಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ರೋಗಿಯ ರಕ್ತದ ಸೀರಮ್ಮನ್ನು ತೆಳುಮಾಡಿ ಅದರ ಮೇಲೆ ಹನಿಸುತ್ತಾರೆ. ಪ್ರತಿಕಾಯ ಇದ್ದರೆ ಅದು ಇಲಿಯ ಪೆರೈಟಲ್ ಕೋಶಗಳಿಗೆ ಅಂಟಿಕೊಳ್ಳುತ್ತದೆ. ತೊಳೆದ ಮೇಲೆ ಹೊಳೆಯುವ ಬಣ್ಣ ಹಚ್ಚಿದ ಇನ್ನೊಂದು ಪ್ರತಿಕಾಯವನ್ನು ಹಾಕಿ ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕತ್ತಲ ಹಿನ್ನೆಲೆಯಲ್ಲಿ ಆ ಕೋಶಗಳಷ್ಟೇ ಹಸಿರಾಗಿ ಬೆಳಗುತ್ತವೆ. ಈಚೆಗೆ ಹೆಚ್ಚಿನ ಲ್ಯಾಬ್‌ಗಳು ಎಲೈಸಾದಂಥ ಯಂತ್ರವಿಧಾನಗಳಿಂದ ಅಂಕಿಯಲ್ಲೇ ಫಲಿತಾಂಶ ಕೊಡುತ್ತವೆ. ಎರಡನೆಯದು ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಪ್ರತಿಕಾಯ.

ಇವೆರಡರ ಸ್ವಭಾವ ಬೇರೆ ಬೇರೆ. ಅದನ್ನು ಅರಿಯದೆ ವರದಿ ಓದಿದರೆ ಮೋಸ ಹೋಗುತ್ತೇವೆ. ಪೆರೈಟಲ್ ಕೋಶದ ಪ್ರತಿಕಾಯ ಪರ್ನೀಶಿಯಸ್ ಅನೀಮಿಯಾ ಇರುವ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಕಂಡರೂ, ಯಾವ ತೊಂದರೆಯೂ ಇಲ್ಲದವರಲ್ಲೂ ಕಾಣುತ್ತದೆ. ವಯಸ್ಸಾದಂತೆ, ಥೈರಾಯ್ಡಿನ ಆಟೊಇಮ್ಯೂನ್ ಕಾಯಿಲೆ ಇದ್ದಾಗಲೂ ಅದರ ಪ್ರಮಾಣ ಏರುತ್ತದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯ ಇದಕ್ಕೆ ತದ್ವಿರುದ್ಧ. ಅದು ಕಂಡರೆ ರೋಗ ಇದೆ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿ ಹೇಳಬಹುದು. ಆದರೆ ರೋಗ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಅದು ಸಿಗುತ್ತದೆ. ಆದ್ದರಿಂದಲೇ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಹೊರತಂದ ಬಿ12 ಮಾರ್ಗಸೂಚಿ, ಅನುಮಾನ ಬಂದಾಗ ಮೊದಲು ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯವನ್ನು ನೋಡಿ, ಅದು ನೆಗೆಟಿವ್ ಬಂದೂ ಅನುಮಾನ ಉಳಿದರೆ ಬೇರೆ ಪರೀಕ್ಷೆಗಳತ್ತ ಹೋಗಿ ಎನ್ನುತ್ತದೆ. ನೆಗೆಟಿವ್ ವರದಿ ತೋರಿಸಿ ‘ನಿಮಗೆ ಆ ಕಾಯಿಲೆ ಇಲ್ಲ’ ಎನ್ನುವುದು ಆ ಪರೀಕ್ಷೆಗೆ ಇಲ್ಲದ ಅಧಿಕಾರವನ್ನು ಅದಕ್ಕೆ ಕೊಟ್ಟಂತೆ.

ಬಿ12 ಪರೀಕ್ಷೆಯಲ್ಲೂ ಒಂದು ವಿಚಿತ್ರ ತೊಡಕಿದೆ. ಅನೇಕ ಯಂತ್ರಗಳು ರಕ್ತದ ಬಿ12 ಅಳೆಯಲು ಇಂಟ್ರಿನ್ಸಿಕ್ ಫ್ಯಾಕ್ಟರನ್ನೇ ಬಳಸುತ್ತವೆ. ಬಿ12 ಅದಕ್ಕೆ ಎಷ್ಟು ಅಂಟಿಕೊಂಡಿತು ಎಂಬುದರ ಮೇಲೆ ಲೆಕ್ಕ. ರೋಗಿಯ ರಕ್ತದಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಪ್ರತಿಕಾಯ ಹೇರಳವಾಗಿದ್ದು, ಪರೀಕ್ಷೆಯ ಮೊದಲ ಹಂತದಲ್ಲಿ ಅದು ಪೂರ್ತಿ ನಾಶವಾಗದೆ ಉಳಿದರೆ, ಯಂತ್ರದೊಳಗಿನ ಆ ಪ್ರೋಟೀನನ್ನೂ ಅದು ಹಿಡಿದುಹಾಕುತ್ತದೆ. ಆಗ ಬಿ12 ಬರಿದಾಗಿರುವ ರೋಗಿಗೂ ವರದಿಯಲ್ಲಿ ಅಂಕಿ ಸಹಜ ಎಂದೋ ಹೆಚ್ಚು ಎಂದೋ ಬರಬಹುದು. ವೈದ್ಯಕೀಯ ನಿಯತಕಾಲಿಕಗಳಲ್ಲಿ 2012ರಲ್ಲೇ ಈ ಬಗ್ಗೆ ಎಚ್ಚರಿಕೆ ಪ್ರಕಟವಾಗಿದೆ. ಕೂದಲು ಉದುರುವುದಕ್ಕೆಂದು ನಮ್ಮಲ್ಲಿ ಧಾರಾಳವಾಗಿ ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳ ಲೆಕ್ಕವನ್ನು ತಪ್ಪಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಕುರಿತು ಎಚ್ಚರಿಸಿತು. ಹಾಗಾಗಿ ಲಕ್ಷಣಗಳು ಒಂದು ಹೇಳಿ ಬಿ12 ಅಂಕಿ ಇನ್ನೊಂದು ಹೇಳಿದರೆ ಲಕ್ಷಣಗಳ ಮಾತಿಗೆ ಕಿವಿಗೊಡಬೇಕು. ಮಿಥೈಲ್‌ಮೆಲೋನಿಕ್ ಆಮ್ಲ, ಹೋಮೊಸಿಸ್ಟೀನ್ ಎಂಬ ಇನ್ನೆರಡು ಅಳತೆಗಳು ಬಿ12 ಜೀವಕೋಶಗಳಿಗೆ ನಿಜವಾಗಿ ತಲುಪುತ್ತಿದೆಯೇ ಎಂಬುದನ್ನು ಹೇಳಲು ನೆರವಾಗುತ್ತವೆ.

‘ನಮ್ಮಲ್ಲಿ ಇದೆಲ್ಲ ಊಟದ ಸಮಸ್ಯೆ’

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಭಾರತದಲ್ಲಿ ಬಿ12 ಕೊರತೆಗೆ ಮುಖ್ಯ ಕಾರಣ ಆಹಾರ. 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ಶೇ 31ರಷ್ಟು ಮಂದಿಗೆ ಬಿ12 ಕೊರತೆ ಕಂಡಿತ್ತು. ಅಷ್ಟು ಮಕ್ಕಳ ಜಠರವೇನೂ ಹಾಳಾಗಿಲ್ಲ. ಅವರಿಗೆ ಬೇಕಿರುವುದು ಹಾಲು, ಮೊಸರು, ಮೊಟ್ಟೆ ಅಥವಾ ಮಾತ್ರೆ. ಇದರ ಮೇಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮತ್ತು ವರ್ಷಗಟ್ಟಲೆ ನುಂಗುವ ಆಮ್ಲನಿರೋಧಕ ಮಾತ್ರೆಗಳೂ ಬಿ12 ತಗ್ಗಿಸುತ್ತವೆ. ಆದರೆ ಒಂದು ಕಾರಣ ವ್ಯಾಪಕವಾಗಿದೆ ಎಂಬುದು ಇನ್ನೊಂದು ಕಾರಣ ಇಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಸಸ್ಯಾಹಾರಿಗೂ ಜಠರದ ಆಟೊಇಮ್ಯೂನ್ ಕಾಯಿಲೆ ಬರಬಹುದು. ಅವರ ಸಂಗ್ರಹ ಮೊದಲೇ ಕಡಿಮೆಯಿರುವುದರಿಂದ ಪೆಟ್ಟು ಬೇಗ ಬೀಳಬಹುದು. ಇನ್ನು ಕರ್ನಾಟಕದ ಹೆಚ್ಚಿನ ಜನ ಮಾಂಸಾಹಾರಿಗಳೇ. ವಾರಕ್ಕೆ ಮೂರು ದಿನ ಮೀನು, ಮೊಟ್ಟೆ ತಿನ್ನುವ ಕರಾವಳಿಯ ಮಹಿಳೆಗೆ ಬಿ12 ತೀರಾ ಕೆಳಗಿದ್ದರೆ ಆಹಾರದ ಕಾರಣ ಅಲ್ಲಿ ಹೊಂದುವುದಿಲ್ಲ. ಊಟವೇ ಕಾರಣ ಎಂಬ ಊಹೆಯನ್ನು ಪರೀಕ್ಷಿಸಲು ಸುಲಭದ ದಾರಿಯೂ ಇದೆ: ಊಟ ಸರಿಪಡಿಸಿದ ಮೇಲೆ, ಕೋರ್ಸ್ ಮುಗಿದು ಒಂದು ವರ್ಷವಾದ ಮೇಲೆ, ಅಂಕಿ ನಿಂತಿದೆಯೇ ಕುಸಿದಿದೆಯೇ ಎಂದು ನೋಡುವುದು. ಕುಸಿದಿದ್ದರೆ ಜಠರವನ್ನು ಅನುಮಾನಿಸಲೇಬೇಕು.

ಎರಡನೆಯ ಆಕ್ಷೇಪ: ಕಾರಣ ಯಾವುದಾದರೇನು, ಕೊಡುವುದು ಅದೇ ಬಿ12 ತಾನೇ? ಔಷಧ ಒಂದೇ, ನಿಜ. ಆದರೆ ಚಿಕಿತ್ಸೆಯ ಅವಧಿ ಒಂದೇ ಅಲ್ಲ. ಆಹಾರದ ಕೊರತೆಯವರಿಗೆ ಕೊರತೆ ತುಂಬಿ, ಮುಂದೆ ಆಹಾರದಲ್ಲೋ ಸಣ್ಣ ಮಾತ್ರೆಯಲ್ಲೋ ಕಾಪಾಡಿಕೊಂಡರೆ ಸಾಕು. ಜಠರದ ಕಾಯಿಲೆಯವರಿಗೆ ಬಿ12 ಜೀವನಪರ್ಯಂತ ಬೇಕು. ಇಂಜೆಕ್ಷನ್ ಒಗ್ಗದವರಿಗೆ ದಿನಕ್ಕೆ ಸಾವಿರ ಮೈಕ್ರೊಗ್ರಾಂನಂಥ ದೊಡ್ಡ ಪ್ರಮಾಣದ ಮಾತ್ರೆಯ ದಾರಿಯೂ ಇದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ಅದರ ನೂರರಲ್ಲಿ ಒಂದು ಪಾಲಿನಷ್ಟು ಕರುಳಿನಲ್ಲಿ ತಾನಾಗಿಯೇ ಒಳಸೇರುತ್ತದೆ. ಐದು ಇಂಜೆಕ್ಷನ್ ಕೊಟ್ಟು ನಿಲ್ಲಿಸಿದರೆ ಅವರು ಮತ್ತೆ ಕುಸಿಯುತ್ತಾರೆ, ನರಗಳಿಗಾದ ಹಾನಿ ಪ್ರತಿಸಲವೂ ಪೂರ್ತಿ ವಾಸಿಯಾಗುವುದಿಲ್ಲ. ಬಿ12 ಕೊಟ್ಟ ಮಾತ್ರಕ್ಕೆ ಜಠರದ ಸವೆತವೂ ನಿಲ್ಲುವುದಿಲ್ಲ. ಆಮ್ಲ ಇಲ್ಲದ ಜಠರದಲ್ಲಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ವಿಪರೀತ ಏರಿ, ಅದರ ಒತ್ತಡಕ್ಕೆ ಕೆಲವರಲ್ಲಿ ಸಣ್ಣ ನ್ಯೂರೊಎಂಡೊಕ್ರೈನ್ ಗಡ್ಡೆಗಳು ಹುಟ್ಟುತ್ತವೆ. ಬಹುಪಾಲು ನಿಧಾನಗತಿಯವು, ಆದರೂ ಕಣ್ಣಿಟ್ಟಿರಬೇಕಾದವು. ಜಠರದ ಕ್ಯಾನ್ಸರಿನ ಅಪಾಯವೂ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಯುರೋಪಿನ 2019ರ ಮಾರ್ಗಸೂಚಿ ಇಂಥವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಉಪಯುಕ್ತವಾಗಬಹುದು ಎಂದಿತ್ತು. ಕಾರಣವೇ ಗೊತ್ತಿಲ್ಲದಿದ್ದರೆ ಈ ಯಾವ ಎಚ್ಚರಿಕೆಯೂ ಸಾಧ್ಯವಿಲ್ಲ.

ಕಬ್ಬಿಣಾಂಶದ ಮಾತು ಇನ್ನೂ ಮುಖ್ಯ, ಏಕೆಂದರೆ ಈ ಕಾಯಿಲೆ ಮೊದಲು ತಲೆ ಎತ್ತುವುದು ಎಷ್ಟೋ ಸಲ ಅಲ್ಲೇ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಕರಗಿ ಹೀರಿಕೆಯಾಗಲು ಜಠರದ ಆಮ್ಲ ಬೇಕು. ಆಮ್ಲ ನಿಂತ ಕೆಲಕಾಲದಲ್ಲೇ ಕಬ್ಬಿಣಾಂಶ ಇಳಿಯತೊಡಗುತ್ತದೆ. ಬಿ12 ಕಣಜ ಬರಿದಾಗಲು ಇನ್ನೂ ವರ್ಷಗಳಿರುತ್ತವೆ. ಹೀಗಾಗಿ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಷ್ಟು ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್ ಇದರ ಮೊದಲ ಗುರುತಾಗಿರಬಹುದು. ‘ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿರಬೇಕು’, ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂಬ ಮಾತುಗಳಲ್ಲಿ ಆ ಗುರುತು ಮುಚ್ಚಿಹೋಗುತ್ತದೆ. ಎರಡೂ ಕೊರತೆ ಸೇರಿದಾಗ ವರದಿ ಇನ್ನಷ್ಟು ದಾರಿ ತಪ್ಪಿಸುತ್ತದೆ. ಬಿ12 ಕೊರತೆ ಕೆಂಪುಕಣಗಳನ್ನು ದೊಡ್ಡದು ಮಾಡುತ್ತದೆ, ಕಬ್ಬಿಣದ ಕೊರತೆ ಸಣ್ಣದು ಮಾಡುತ್ತದೆ. ಎಂಸಿವಿ ಎಂಬ ಕಾಲಂ ಹೇಳುವುದು ಸರಾಸರಿ ಗಾತ್ರವನ್ನು ಮಾತ್ರ. ದೊಡ್ಡವೂ ಸಣ್ಣವೂ ಬೆರೆತ ರಕ್ತದಲ್ಲಿ ಸರಾಸರಿ 88 ಎಂದು ಬಂದು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಪಕ್ಕದ ಆರ್‌ಡಿಡಬ್ಲ್ಯು ಕಾಲಂ, ಅಂದರೆ ಗಾತ್ರಗಳ ಏರುಪೇರು, ಮೇಲಿದೆಯೇ ಎಂದು ನೋಡಿದರೆ, ರಕ್ತದ ಲೇಪವನ್ನು ಅನುಭವಿ ಕಣ್ಣಿನಿಂದ ಪರೀಕ್ಷಿಸಿದರೆ, ಐದಾರು ಹೋಳಿನ ಕೇಂದ್ರವಿರುವ ಬಿಳಿಕಣಗಳು ಸಿಕ್ಕಿದರೆ ಗುಟ್ಟು ಹೊರಬೀಳುತ್ತದೆ.

ಹಾಗಾದರೆ ಎಲ್ಲರಿಗೂ ಮಾಡಿಸಬಾರದೇಕೆ?

ಪರೀಕ್ಷೆ ಇಷ್ಟು ಉಪಯುಕ್ತವಾದರೆ ಆರೋಗ್ಯ ತಪಾಸಣೆಯ ಪ್ಯಾಕೇಜಿಗೆ ಸೇರಿಸಿಬಿಡೋಣ ಎಂಬುದು ಇನ್ನೊಂದು ದಿಕ್ಕಿನ ಆಕ್ಷೇಪ. ಒಂದು ಸರಳ ಲೆಕ್ಕ ಇದಕ್ಕೆ ಉತ್ತರಿಸುತ್ತದೆ. ಸಾವಿರ ಜನರಲ್ಲಿ ಹತ್ತು ಮಂದಿಗೆ ಈ ಕಾಯಿಲೆ ಇದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಪೆರೈಟಲ್ ಕೋಶದ ಪ್ರತಿಕಾಯ ಅವರಲ್ಲಿ ಎಂಟು ಮಂದಿಯನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ 990 ಜನರಲ್ಲಿ ಶೇ 5ರಷ್ಟು ಮಂದಿಯಲ್ಲೂ ಕಾಣುತ್ತದೆ ಎಂದುಕೊಳ್ಳೋಣ. ಆಗ ಪಾಸಿಟಿವ್ ಬರುವವರು ಸುಮಾರು 58. ನಿಜವಾಗಿ ಕಾಯಿಲೆ ಇರುವವರು ಎಂಟು. ಉಳಿದ ಐವತ್ತು ಮಂದಿ ಆತಂಕ ಹೊತ್ತು ಎಂಡೋಸ್ಕೋಪಿಗೆ ಅಲೆಯಬೇಕು. ಅದೇ ಪರೀಕ್ಷೆಯನ್ನು ಅನುಮಾನಕ್ಕೆ ಬಲವಾದ ಕಾರಣ ಇರುವವರಲ್ಲಿ ಮಾಡಿದರೆ, ಅಂಥವರಲ್ಲಿ ನೂರಕ್ಕೆ ಮೂವತ್ತು ಮಂದಿಗೆ ಕಾಯಿಲೆ ಇದೆ ಎಂದುಕೊಂಡರೆ, ಪಾಸಿಟಿವ್ ಬಂದ ಸುಮಾರು 28 ಜನರಲ್ಲಿ 24 ಮಂದಿ ನಿಜವಾದ ರೋಗಿಗಳು. ಪರೀಕ್ಷೆ ಬದಲಾಗಿಲ್ಲ, ಅದನ್ನು ಯಾರಿಗೆ ಮಾಡಿದೆವು ಎಂಬುದು ಬದಲಾಗಿದೆ. ಜಾಹೀರಾತು ನೋಡಿ ಮಾಡಿಸಿಕೊಳ್ಳುವ ಪರೀಕ್ಷೆಗೂ ವೈದ್ಯರು ಯೋಚಿಸಿ ಬರೆಯುವ ಪರೀಕ್ಷೆಗೂ ಇರುವ ವ್ಯತ್ಯಾಸ ಇದು.

ಹಾಗಾದರೆ ಅನುಮಾನ ಯಾರ ಮೇಲೆ? ಪ್ರಾಣಿಜನ್ಯ ಆಹಾರ ಸಾಕಷ್ಟಿದ್ದೂ ಬಿ12 ತೀರಾ ಕಡಿಮೆ ಇರುವವರು. ಕೋರ್ಸ್ ನಿಲ್ಲಿಸಿದೊಡನೆ ಮತ್ತೆ ಕುಸಿಯುವವರು. ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆಯವರು. ಥೈರಾಯ್ಡಿನ ಆಟೊಇಮ್ಯೂನ್ ಕಾಯಿಲೆ, ಟೈಪ್ 1 ಮಧುಮೇಹ, ತೊನ್ನು ಇರುವವರಲ್ಲಿ ಈ ಲಕ್ಷಣಗಳು ಕಂಡವರು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇರುವವರು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಎಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರೂ ಈ ಪಟ್ಟಿಗೆ ಸೇರಬಹುದು. ಆಮ್ಲವೇ ಇಲ್ಲದ ಜಠರಕ್ಕೆ ಆಮ್ಲ ತಡೆಯುವ ಮಾತ್ರೆ ಕೊಟ್ಟು ಫಲವೇನು? ಇಂಥವರಿಗೆ ಇಂಜೆಕ್ಷನ್ ಕೊಡುವ ಮುನ್ನವೇ ಒಂದು ನಳಿಗೆ ರಕ್ತ ತೆಗೆದಿಡಬೇಕು. ಇಂಜೆಕ್ಷನ್ ಬಿದ್ದ ಮೇಲೆ ಬಿ12 ಅಂಕಿಗೆ ಅರ್ಥವಿರುವುದಿಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಪ್ರತಿಕಾಯದ ಕೆಲವು ಪರೀಕ್ಷೆಗಳೂ ಆಗ ಸುಳ್ಳು ಪಾಸಿಟಿವ್ ತೋರಿಸುವುದರಿಂದ ಒಂದೆರಡು ವಾರ ಕಾಯಬೇಕಾಗುತ್ತದೆ. ಕೈಕಾಲು ಜೋಮು, ನಡಿಗೆಯ ತತ್ತರ, ಮರೆವು ಇದ್ದರಂತೂ ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡಬೇಕು. ರಕ್ತ ಮೊದಲು ತೆಗೆದರೆ ಸಾಕು, ಫಲಿತಾಂಶ ಆಮೇಲೆ ಬರಲಿ.

ರಕ್ತಪರೀಕ್ಷೆ ಕೊನೆಯ ತೀರ್ಪು ಕೊಡುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ರಕ್ತದಲ್ಲಿ ಗ್ಯಾಸ್ಟ್ರಿನ್ ಏರಿ, ಜಠರದ ಕೋಶಗಳು ತಯಾರಿಸುವ ಪೆಪ್ಸಿನೋಜೆನ್ ಇಳಿದಿದ್ದರೆ ಒಳಪದರ ಸವೆದಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಆದರೆ ಆಮ್ಲನಿರೋಧಕ ಮಾತ್ರೆಗಳೂ ಗ್ಯಾಸ್ಟ್ರಿನ್ ಏರಿಸುತ್ತವೆ. ಖಚಿತ ಉತ್ತರ ಕೊಡುವುದು ಬಯಾಪ್ಸಿ. ಅದರಲ್ಲೂ ಒಂದು ಸೂಕ್ಷ್ಮವಿದೆ. ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಹುಡುಕಲು ಜಠರದ ಕೆಳಭಾಗದಿಂದಷ್ಟೇ ಚೂರು ತೆಗೆಯುವುದುಂಟು. ಆಟೊಇಮ್ಯೂನ್ ದಾಳಿ ನಡೆಯುವುದು ಮೇಲುಭಾಗ ಮತ್ತು ನಡುಭಾಗದಲ್ಲಿ. ಕೆಳಭಾಗ ಬಹುತೇಕ ಸುರಕ್ಷಿತ. ಎರಡೂ ಕಡೆಯ ಚೂರುಗಳನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಬರೆದು ಕಳುಹಿಸದಿದ್ದರೆ ಎಂಡೋಸ್ಕೋಪಿ ಆದರೂ ರೋಗ ತಪ್ಪಿಸಿಕೊಳ್ಳುತ್ತದೆ. ಎಂಡೋಸ್ಕೋಪಿಗೆ ಹೋಗುವವರು ಈ ಮಾತನ್ನು ವೈದ್ಯರಲ್ಲಿ ಧೈರ್ಯವಾಗಿ ಕೇಳಬಹುದು.

ಉಳಿದದ್ದು ಖರ್ಚಿನ ಮಾತು. ಬಡ ರೋಗಿಗೆ ಪ್ರತಿಕಾಯದ ಪರೀಕ್ಷೆ ಭಾರವೇ. ಆದರೆ ಅದು ಸಾಮಾನ್ಯವಾಗಿ ಒಮ್ಮೆ ಮಾಡಿಸುವ ಪರೀಕ್ಷೆ. ವರ್ಷಕ್ಕೆರಡು ಸಲ ಹಿಮೋಗ್ಲೋಬಿನ್ ನೋಡಿಸಿ, ನಾಟದ ಮಾತ್ರೆಗಳಿಗೆ ದುಡ್ಡು ಸುರಿದು, ಕೆಲಸದ ದಿನಗಳನ್ನು ಕಳೆದುಕೊಳ್ಳುವ ಖರ್ಚು ಯಾವ ರಸೀದಿಯಲ್ಲೂ ಒಟ್ಟಾಗಿ ಕಾಣುವುದಿಲ್ಲವಷ್ಟೇ. ಖರ್ಚಿಲ್ಲದ ಹೆಜ್ಜೆಗಳಿಂದಲೇ ಶುರು ಮಾಡಬಹುದು: ಊಟದ ವಿಚಾರಣೆ, ನುಂಗುವ ಮಾತ್ರೆಗಳ ಪಟ್ಟಿ, ಮನೆಯವರ ಕಾಯಿಲೆಗಳ ವಿವರ, ಹಳೆಯ ವರದಿಗಳನ್ನು ಒಂದೇ ಕಡೆ ಜೋಡಿಸಿ ನೋಡುವುದು. ಇಷ್ಟರಿಂದಲೇ ಯಾರಿಗೆ ಪರೀಕ್ಷೆ ಬೇಕು, ಯಾರಿಗೆ ಬೇಡ ಎಂಬುದು ಬಹುಪಾಲು ತೀರ್ಮಾನವಾಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ರಕ್ತವನ್ನು ವೈದ್ಯಕೀಯ ಕಾಲೇಜುಗಳ ಲ್ಯಾಬ್‌ಗೆ ಕಳುಹಿಸಿ ಪರೀಕ್ಷಿಸುವ ಏರ್ಪಾಡು ಮಾಡುವುದು ಸರ್ಕಾರಕ್ಕೆ ಅಸಾಧ್ಯವಲ್ಲ. ಅದಕ್ಕೂ ಮೊದಲು ಬದಲಾಗಬೇಕಾದದ್ದು ರೂಢಿ. ಬಿ12 ಕಡಿಮೆ ಎಂದು ವರದಿ ಬಂದಾಗ ‘ಏಕೆ?’ ಎಂದು ಕೇಳುವ ಹಕ್ಕು ರೋಗಿಗಿದೆ, ಉತ್ತರ ಹುಡುಕುವ ಹೊಣೆ ವೈದ್ಯರದು. ಎರಡನೇ ಸಲ ಅದೇ ಕೋರ್ಸ್ ಬರೆಯುವ ಹೊತ್ತು ಬಂದರೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂದರೆ, ಮೊದಲು ರಕ್ತ ತೆಗೆಯಿರಿ, ಆಮೇಲೆ ಇಂಜೆಕ್ಷನ್ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.